ಮೊಹೆಂಜೊ-ದಾರೊ ಮನೆ ಮಾದರಿ: ಬಚ್ಚಲು ಮುಗೀತು, ಬಾವಿ ನಡೀತಿದೆ

ಗೋಡೆಗಳು ಸೊಂಟದೆತ್ತರಕ್ಕೆ ಬಂದಿವೆ. ಅಂದರೆ ಮಾದರಿಯೊಳಗಿನ ಮನುಷ್ಯನ ಸೊಂಟ, ಸುಮಾರು 5 ಸೆಂ.ಮೀ. ಅಳತೆ 1:20. ಸಿಂಧ್‌ನ ಮೊಹೆಂಜೊ-ದಾರೊ ಅನ್ನೋ ಸಿಂಧೂ ನಾಗರಿಕತೆಯ ಊರಲ್ಲಿ ಅಗೆದಾಗ ಸಿಕ್ಕ ಮನೆಗಳಲ್ಲಿ ಸಾಮಾನ್ಯವಾಗಿ ಏನೇನಿತ್ತೋ ಅದನ್ನೆಲ್ಲ ಒಂದೇ ಮನೆಯಲ್ಲಿ ಸೇರಿಸುತ್ತಿದ್ದೇನೆ. ಯಾವುದೋ ಒಂದು ಮನೆಯ ನಕಲು ಅಲ್ಲ.

ಅಲ್ಲಿನ ಸುಟ್ಟ ಇಟ್ಟಿಗೆ ಸುಮಾರು 28 ಸೆಂ.ಮೀ. ಉದ್ದ, 14 ಅಗಲ, 7 ದಪ್ಪ. ನನ್ನದು 14 ಮಿ.ಮೀ., 7, ಮೂರೂವರೆ. ಕೈಗೆ ಹಿಡಿದಾಗಲೇ ಈ 4:2:1ರ ಜಾಣತನ ಗೊತ್ತಾಗೋದು. ಅಡ್ಡಕ್ಕೆ ಎರಡು ಇಟ್ಟರೆ ಒಂದರ ಉದ್ದಕ್ಕೆ ಸರಿಹೋಗುತ್ತದೆ. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಇಡುತ್ತಾ ಹೋದರೆ ಗೋಡೆ ಬಿಗಿಯಾಗುತ್ತದೆ. ಹರಪ್ಪದಲ್ಲೂ ಇದೇ ಅನುಪಾತ. ಎರಡೂ ಊರಿನ ನಡುವೆ ನೂರಾರು ಕಿಲೋಮೀಟರ್ ಇದೆ ಅನ್ನೋದು ನೆನಪಿರಲಿ.

ಜಾಸ್ತಿ ಹೊತ್ತು ತಿಂದಿದ್ದು ಬಚ್ಚಲು. ಅಲ್ಲಿ ನೆಲದ ಇಟ್ಟಿಗೆಗಳನ್ನು ಅಂಚು ಉಜ್ಜಿ, ಸಂದೇ ಕಾಣದಷ್ಟು ಒತ್ತಾಗಿ ಕೂರಿಸುತ್ತಿದ್ದರು. ನಾನೂ ಒಂದೊಂದನ್ನೇ ಉಪ್ಪುಕಾಗದದ ಮೇಲೆ ಉಜ್ಜಿದೆ. ನೆಲ ಒಂದು ಮೂಲೆಗೆ ಇಳಿಜಾರು. ಆ ಮೂಲೆಯಿಂದ ಗೋಡೆಯಲ್ಲಿ ತೂತು, ಹೊರಗೆ ಓಣಿಯ ಚರಂಡಿ. ಡ್ರಾಪರ್‌ನಿಂದ ನೀರು ಬಿಟ್ಟು ನೋಡಿದೆ, ನಿಲ್ಲದೆ ಹರಿದು ಹೋಯಿತು! ಬಚ್ಚಲನ್ನು ಬೀದಿ ಕಡೆಯ ಗೋಡೆಗೇ ಯಾಕೆ ಅಂಟಿಸುತ್ತಿದ್ದರು ಅಂತ ಇನ್ನು ಯಾರೂ ಹೇಳಿಕೊಡಬೇಕಿಲ್ಲ.

ಈಗ ಬಾವಿ. ಇಲ್ಲಿ ಮಾಮೂಲಿ ಇಟ್ಟಿಗೆ ನಡೆಯಲ್ಲ, ಬೆಣೆ ಆಕಾರದ್ದೇ ಬೇಕು. ಅಗಲ ತುದಿ ಹೊರಗೆ, ಕಿರಿದು ಒಳಗೆ. ಸುತ್ತಲಿನ ಮಣ್ಣು ಒತ್ತಿದಷ್ಟೂ ಇಟ್ಟಿಗೆಗಳು ಒಂದಕ್ಕೊಂದು ಬಿಗಿಯುತ್ತವೆ, ಒಳಕ್ಕೆ ಕುಸಿಯೋದಿಲ್ಲ. ಆ ಊರಲ್ಲಿ ಇಂಥ ಬಾವಿಗಳು 700ರಷ್ಟು ಇದ್ದಿರಬಹುದು ಅಂತ ಅಲ್ಲಿ ಸಂಶೋಧನೆ ಮಾಡಿದ ಜರ್ಮನ್ ವಿದ್ವಾಂಸ ಮಿಖಾಯೆಲ್ ಯಾನ್ಸೆನ್ ಲೆಕ್ಕ ಹಾಕಿದ್ದಾರೆ. ಹಳೆ ಮನೆ ಬಿದ್ದ ಜಾಗದಲ್ಲೇ ಹೊಸದು ಕಟ್ಟಿ ನೆಲ ಏರುತ್ತಾ ಹೋದಂತೆ ಬಾವಿಯ ಬಾಯಿಯನ್ನೂ ಏರಿಸಿದರು. 1920ರ ದಶಕದಲ್ಲಿ ಸುತ್ತಲಿನ ಮಣ್ಣು ತೆಗೆದ ಮೇಲೆ ಕೆಲವು ಬಾವಿಗಳು ಕಾರ್ಖಾನೆಯ ಚಿಮಣಿಗಳಂತೆ ನೆಟ್ಟಗೆ ನಿಂತಿವೆ. ಹಾಗಾಗಿ ನನ್ನ ಬಾವಿಯ ಮೇಲಿನ ಐದಾರು ಸಾಲುಗಳಿಗೆ ಬೇರೆ ಛಾಯೆಯ ಮಣ್ಣು ಬಳಸುತ್ತಿದ್ದೇನೆ, ಆಮೇಲೆ ಏರಿಸಿದ್ದು ಅಂತ ಕಾಣಲಿ.

ಬಾಗಿಲು ಸುಲಭದ ಕೆಲಸ, ಓಣಿ ಕಡೆಗೆ ಇಟ್ಟೆ. ದೊಡ್ಡ ಬೀದಿ ಕಡೆ ಬರೀ ಗೋಡೆ. ನೋಡೋಕೆ ಸಪ್ಪೆ, ಆದರೆ ಧೂಳು, ಗಾಡಿ ಸದ್ದು, ದಾರಿಹೋಕರ ಕಣ್ಣು ಯಾವುದೂ ಒಳಗೆ ಬರಲ್ಲ, ಅಲ್ವಾ?

ಮಹಡಿ ಕಟ್ಟಲ್ಲ. ಮೆಟ್ಟಿಲು ಸಿಕ್ಕಿರೋದರಿಂದ ಮೇಲೆ ಏನೋ ಇತ್ತು ಅನ್ನೋದು ಖಚಿತ, ಮಹಡಿಯೋ ಬರೀ ಚಾವಣಿಯೋ. ಸುಮ್ನೆ ಊಹೆಯ ಕಿಟಕಿ ಇಟ್ಟು ಚಂದ ಮಾಡೋದಕ್ಕಿಂತ ಮೆಟ್ಟಿಲನ್ನು ಅರ್ಧಕ್ಕೆ ನಿಲ್ಲಿಸೋದು ವಾಸಿ.

ಮುಂದಿನ ಕೆಲಸ ಚರಂಡಿ ಮುಚ್ಚಳ. ಅಂಟಿಸದೆ ಬಿಡಿಬಿಡಿಯಾಗಿ ಇಡುತ್ತೇನೆ. ಅಲ್ಲೂ ಮೇಲಿನ ಇಟ್ಟಿಗೆ ಎತ್ತಿದರೆ ಹೂಳು ತೆಗೆಯಬಹುದಿತ್ತು. ನಡುವೆ ಕಸ ತಂಗೋಕೆ ಒಂದು ಗುಂಡಿಯೂ ಬೇಕು. ಅದಕ್ಕೆ ಹಲಗೆಯನ್ನು ಇನ್ನೂ ಸ್ವಲ್ಪ ಕೊರೆಯಬೇಕು.