ಸ್ವಲ್ಪ ಈ ಕಡೆ ತಿರುಗಿಸಿ

ಜನವರಿ ಬಂದರೆ ಸಾಕು, ನಾನು ತೆಗೆದ ಒಂದು ಫೋಟೊ ಎಲ್ಲಿಂದಲೋ ಎದ್ದು ಬರುತ್ತದೆ. ತರಗೆಲೆ ಮೇಲೆ ಸತ್ತ ಮಂಗ, ಅದರ ಮೇಲೆ ಬಗ್ಗಿದ ಅರಣ್ಯ ಇಲಾಖೆಯ ವಾಚರ್, ಹಿಂದೆ ಮಬ್ಬು ಕಾಡು. ಕೆಳಗೆ ‘ಸಂಗ್ರಹ ಚಿತ್ರ’ ಅಂತ ಇರುವೆ ಸಾಲಿನಷ್ಟು ಅಕ್ಷರ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಮೊದಲ ಕೇಸ್ ಸುದ್ದಿ ಬಂದ ದಿನ ಡೆಸ್ಕ್‌ನವರು ಆರ್ಕೈವ್‌ನಲ್ಲಿ ಅದರ ಇಂಗ್ಲಿಷ್ ಚಿಕ್ಕ ಹೆಸರು ಕೆಎಫ್‌ಡಿ ಅಂತ ಹೊಡೆಯುತ್ತಾರೆ. ಮೊದಲು ಬರುವುದೇ ಅದು. ನೋಡಿದವರು “ನಿಮ್ದೇ ಅಲ್ವಾ? ಒಳ್ಳೇ ಫ್ರೇಮು” ಅನ್ನುತ್ತಾರೆ. ನಾನು ಹೂಂ ಅಂದು ಬೇರೆ ಮಾತು ತೆಗೆಯುತ್ತೇನೆ.

ಅದು ಒಳ್ಳೇ ಫ್ರೇಮೇನೋ ಹೌದು. ನಾನೇ ಜೋಡಿಸಿದ ಫ್ರೇಮು.

2019ರ ಜನವರಿ. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಜೋರಾಗಿತ್ತು. ಸಾವುಗಳಾಗಿದ್ದವು. ಮೊದಲೆರಡು ವಾರ ನಮ್ಮ ಪೇಪರ್‌ನಲ್ಲಿ ಅದು ಜಿಲ್ಲಾ ಪುಟದ ಸುದ್ದಿ. ಆಮೇಲೆ ಬೆಂಗಳೂರಿಗೆ ಎಚ್ಚರವಾಯಿತು. ಎಚ್ಚರವಾದ ಮೇಲೆ ಅವರಿಗೆ ಎಲ್ಲವೂ ಆ ದಿನವೇ ಬೇಕು. ಬ್ಯೂರೋ ಚೀಫ್ ಬೆಳಿಗ್ಗೆ ಫೋನ್ ಮಾಡಿ, “ಆಸ್ಪತ್ರೆ ಬೆಡ್ಡು, ಡ್ರಿಪ್ಪು ಸಾಕು ಮಾರಾಯ. ಮಂಗ ಬೇಕು, ಸತ್ತಿರೋ ಮಂಗ. ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರೆ ಇನ್ನೂ ಒಳ್ಳೇದು” ಅಂದರು. ಸ್ಟುಡಿಯೋದಲ್ಲಿ ಮದುಮಕ್ಕಳ ಫೋಟೊಗೆ ಆರ್ಡರ್ ಕೊಟ್ಟ ಹಾಗೆ.

ಸಂಜೆ ನಾಲ್ಕರ ಮೇಲೆ ಪರಿಚಯದ ವಾಚರ್ ಒಬ್ಬರು ಫೋನ್ ಮಾಡಿದರು. ತೋಟದ ಮೇಲಿನ ಹಕ್ಕಲಲ್ಲಿ ಒಂದು ಬಿದ್ದಿದೆ, ಮೇಲಿನವರಿಗೆ ಹೇಳಿದ್ದೇನೆ, ಡಾಕ್ಟರ ಜೀಪು ಬರಬೇಕು, ನೀವು ಬರೋದಾದರೆ ದೂರ ನಿಂತು ತೆಗೀರಿ ಅಂದರು. ದೂರ ನಿಂತು ಅಂದಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಕಾಲಿಗೆ ಗಂಬೂಟು ಹಾಕಿ, ರಕ್ತ ಹೀರುವ ಉಣುಗು ಹತ್ತದಿರಲಿ ಅಂತ ಕೈಗೆ ಡಿಎಂಪಿ ಎಣ್ಣೆ ಸವರಿಕೊಂಡು ಹೊರಟೆ. ಆ ಎಣ್ಣೆ ಕ್ಯಾಮೆರಾದ ಗ್ರಿಪ್‌ಗೆ ಹತ್ತಿದರೆ ರಬ್ಬರ್ ಅಂಟಂಟಾಗುತ್ತದೆ. ಅದಕ್ಕೆ ಬೈಯುತ್ತಾ ಹೋಗಿದ್ದು ನೆನಪಿದೆ.

ದೂರ ನಿಲ್ಲಬೇಕು ಅನ್ನುವುದಕ್ಕೆ ಕಾರಣ ಇದೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹರಡುವುದು ಉಣುಗು. ಮಂಗ ಬದುಕಿರುವಾಗ ಅದರ ಮೈಮೇಲೆ ಇರುವ ಉಣುಗುಗಳು, ಅದು ಸತ್ತು ಮೈ ತಣ್ಣಗಾದ ಮೇಲೆ ಉದುರಿ ಸುತ್ತಲಿನ ತರಗೆಲೆ ಸೇರುತ್ತವೆ. ಅಲ್ಲೇ ಕಾದು ಕೂರುತ್ತವೆ. ಹತ್ತುವುದು ಹೆಚ್ಚಾಗಿ ಮರಿ ಉಣುಗು, ಎಳ್ಳಿನಷ್ಟೂ ಇರುವುದಿಲ್ಲ. ಅದಕ್ಕೇ ಸತ್ತ ಮಂಗದ ಸುತ್ತ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಉದುರಿಸುತ್ತಾರೆ, ಸ್ಯಾಂಪಲ್ ತೆಗೆದ ಮೇಲೆ ಮಂಗವನ್ನು ಸುಡುತ್ತಾರೆ. ಇದೆಲ್ಲ ನನಗೆ ಬಾಯಿಪಾಠ. ಹಿಂದಿನ ವಾರವಷ್ಟೇ ಇದರ ಬಗ್ಗೆ ಬಾಕ್ಸ್ ಐಟಂ ಮಾಡಿದ್ದೆವು. ಗ್ರಾಫಿಕ್‌ಗೆ ಮಂಗದ ಚಿತ್ರ ಕೊಟ್ಟಿದ್ದೂ ನಾನೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಅಂತ ಗೊತ್ತಾದಾಗ ಮೊದಲು ಹಳದಿ ಜ್ವರವೇ ಭಾರತಕ್ಕೆ ಬಂತಾ ಅಂತ ಹೆದರಿದ್ದ ಕಥೆಯನ್ನೂ ಅದರಲ್ಲಿ ಹಾಕಿದ್ದೆವು.

ಹೋಗಿ ನೋಡಿದರೆ ಮಂಗ ಮುಖ ಕೆಳಗೆ ಮಾಡಿ ಬಿದ್ದಿದೆ. ಬರೀ ಬೆನ್ನು. ಎಲೆ ಬಣ್ಣ, ಅದರ ಬಣ್ಣ ಒಂದೇ. ಲಾಂಗ್ ಲೆನ್ಸ್‌ನಲ್ಲಿ ಎಂಟು ಹತ್ತು ಫ್ರೇಮ್ ಹೊಡೆದೆ. ಹಿಂದಿನ ಸ್ಕ್ರೀನಿನಲ್ಲಿ ನೋಡಿದರೆ ಯಾರೋ ಬಿಸಾಕಿದ ಗೋಣಿಚೀಲದ ಹಾಗೆ ಕಾಣುತ್ತಿತ್ತು.

ಹೊತ್ತು 5.20 ಆಗಿತ್ತು. ಗುಡ್ಡದ ಆ ಬದಿಗೆ ಬಿಸಿಲು ಜಾರಿ ಹೋಗಿತ್ತು. ಏಳಕ್ಕೆ ಮೊದಲ ಎಡಿಷನ್ ಪುಟ ಹೋಗಬೇಕು. ಅಲ್ಲಿ ನೆಟ್‌ವರ್ಕ್ ಇಲ್ಲ, ಫೋಟೊ ಕಳಿಸಲು ಹನ್ನೆರಡು ಕಿಲೋಮೀಟರ್ ವಾಪಸ್ ಬರಬೇಕು. ಜೀಪಿನ ಸುಳಿವಿಲ್ಲ. ವಾಚರ್ ಅಣ್ಣ ಮರಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು.

ಆಗ ನಾನು ಅಂದೆ: “ಅಣ್ಣ, ಕೋಲಲ್ಲಿ ಸ್ವಲ್ಪ ಈ ಕಡೆ ತಿರುಗಿಸಿ. ಮುಖ ಕಾಣೋ ಹಾಗೆ.”

ಅವರು ನನ್ನ ಮುಖ ನೋಡಿದರು. ಬೇಡ ಅನ್ನಲಿಲ್ಲ. ಪೇಪರ್‌ನವರು, ಪರಿಚಯದವರು, ಅದೂ ದೂರದಿಂದ ಬಂದಿದ್ದಾರೆ. ಬೇಡ ಅನ್ನುವುದು ಹೇಗೆ? ಆ ಸಂಕೋಚ ಇರುತ್ತದೆ ಅಂತ ಗೊತ್ತಿದ್ದೇ ನಾನು ಕೇಳಿದ್ದು. ಕೋಲು ಹಾಕಿ ಎಬ್ಬಿಸಲು ನೋಡಿದರು. ಜಾರಿತು. ಇನ್ನೊಮ್ಮೆ ಜಾರಿತು. ಮೂರನೇ ಸಲ ಕೋಲು ಪಕ್ಕಕ್ಕಿಟ್ಟು, ಬಗ್ಗಿ, ಬರಿಗೈಯಲ್ಲಿ ಹೆಗಲು ಹಿಡಿದು ತಿರುಗಿಸಿದರು.

ಬೇಡ ಅನ್ನಲು ನನ್ನ ಬಳಿ ಎರಡು ಸೆಕೆಂಡ್ ಇತ್ತು. ಆ ಎರಡು ಸೆಕೆಂಡಿನಲ್ಲಿ ನಾನು ಏನು ಮಾಡಿದೆ ಅನ್ನುವುದು ಕ್ಯಾಮೆರಾದಲ್ಲೇ ದಾಖಲಾಗಿದೆ. ಏಳು ಫ್ರೇಮ್.

ಜೀಪು ಬಂತು. ಪಶುವೈದ್ಯರು ಕಿಟ್ ಹಾಕಿಕೊಂಡು ಇಳಿದರು. ಎಲೆ ಮೇಲಿನ ಗುರುತು ನೋಡಿದ ತಕ್ಷಣ, “ಯಾರು ಮುಟ್ಟಿದ್ದು ಇದನ್ನ?” ಅಂದರು.

ನಾನು ಲೆನ್ಸ್ ಬಿಚ್ಚಿ ಬ್ಯಾಗಿಗೆ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ. ಆ ಲೆನ್ಸ್ ಕ್ಯಾಪ್ ಹಾಕಲು ಜನ್ಮದಲ್ಲೇ ಅಷ್ಟು ಹೊತ್ತು ತೆಗೆದುಕೊಂಡಿಲ್ಲ.

“ನಾನೇ ಸಾರ್. ಗಂಡೋ ಹೆಣ್ಣೋ ನೋಡಾಣ ಅಂತ” ಅಂದರು ವಾಚರ್.

ಬೈಸಿಕೊಂಡರು. ಸರಿಯಾಗಿ ಬೈಸಿಕೊಂಡರು. ಇಷ್ಟು ವರ್ಷ ಸರ್ವೀಸ್ ಆಗಿ ಬುದ್ಧಿ ಬೇಡವಾ ಅಂತೆಲ್ಲ. ನಾನು ಬೈಕ್ ಹತ್ತಿದೆ. ಪುಟಕ್ಕೆ ಹೊತ್ತಾಗುತ್ತಿತ್ತಲ್ಲ.

ಮರುದಿನ ಮುಖಪುಟದಲ್ಲಿ ಮೂರು ಕಾಲಂ. ನಾನು ಕಳಿಸಿದ ಟಿಪ್ಪಣಿಯಲ್ಲಿ ‘ಸತ್ತು ಬಿದ್ದಿರುವ ಮಂಗ’ ಅಂತಷ್ಟೇ ಇತ್ತು. ಡೆಸ್ಕ್‌ನವರು ‘ಮಂಗನ ಕಾಯಿಲೆಗೆ ಬಲಿಯಾದ ಮಂಗವನ್ನು ಪರಿಶೀಲಿಸುತ್ತಿರುವ ಅರಣ್ಯ ಸಿಬ್ಬಂದಿ’ ಮಾಡಿದ್ದರು. ಕಾಯಿಲೆಯಿಂದಲೇ ಸತ್ತಿದ್ದು ಅಂತ ಹೇಳಿದವರು ಯಾರು? ಯಾರೂ ಇಲ್ಲ. ಮಂಗ ಕರೆಂಟ್ ಹೊಡೆದೂ ಸಾಯುತ್ತದೆ, ವಯಸ್ಸಾಗಿಯೂ ಸಾಯುತ್ತದೆ. ಆಮೇಲೆ ಗೊತ್ತಾಯಿತು, ಕೊಳೆತು ಹೋಗಿದ್ದರಿಂದ ಆ ಸ್ಯಾಂಪಲ್ ಕೆಲಸಕ್ಕೇ ಬರಲಿಲ್ಲವಂತೆ. ಅಂದರೆ ಆ ಕ್ಯಾಪ್ಷನ್ ಇವತ್ತಿಗೂ ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಡೆಸ್ಕ್‌ಗೆ ಫೋನ್ ಮಾಡಿ ಜಗಳ ಆಡಬೇಕಿತ್ತು. ‘ಪರಿಶೀಲಿಸುತ್ತಿರುವ’ ಅನ್ನುವ ಸುಳ್ಳು ನನ್ನದೇ ಆಗಿದ್ದರಿಂದ ಇನ್ನೊಂದರ ಬಗ್ಗೆ ಬಾಯಿ ತೆರೆಯಲು ಮುಖ ಇರಲಿಲ್ಲ.

ಆರನೇ ದಿನ ರಾತ್ರಿ ಆ ಊರಿನ ಆಶಾ ಕಾರ್ಯಕರ್ತೆ ಅಕ್ಕ ಬೇರೆ ಏನೋ ವಿಷಯಕ್ಕೆ ಫೋನ್ ಮಾಡಿದವರು ಮಾತಿನ ನಡುವೆ ಹೇಳಿದರು: “ನಿಮ್ಮ ಫೋಟೊದಲ್ಲಿ ಇದ್ದರಲ್ಲ, ಅವರಿಗೆ ನಿನ್ನೆಯಿಂದ ಜ್ವರ. ಸೊಂಟ ನೋವಂತೆ. ರಕ್ತ ತೆಗೆದು ಕಳಿಸಿದಾರೆ.”

ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ. ನಮ್ಮ ಬಾಕ್ಸ್ ಐಟಂನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಐದನೇ ದಿನ ಅನ್ನುವುದು ಅದರ ಮಧ್ಯಕ್ಕೇ ಬಂದು ಕೂತಿತ್ತು.

“ಇಂಜೆಕ್ಷನ್ ತಗೊಂಡಿದ್ರಲ್ವಾ?” ಅಂದೆ.

“ಒಂದು ತಗೊಂಡಿದ್ರು. ಕೈ ಬಾತುಕೊಂಡು ಎರಡು ದಿನ ಕೆಲಸಕ್ಕೆ ಹೋಗಕಾಗ್ಲಿಲ್ಲ ಅಂತ ಎರಡನೇದಕ್ಕೆ ಬರಲೇ ಇಲ್ಲ.”

ಇಲ್ಲಿ ಒಂದು ಮಾತು. ಆ ಲಸಿಕೆಯನ್ನು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಸಾಕಷ್ಟು ಶಕ್ತಿ ಇಲ್ಲ ಅಂತ. ಆಗ ನಮ್ಮ ಕಡೆ ಎಲ್ಲರಿಗೂ ಸಿಟ್ಟು. ಇದ್ದದ್ದನ್ನೂ ಕಿತ್ತುಕೊಂಡರು ಅಂತ ನಾವೂ ಹೆಡ್‌ಲೈನ್ ಮಾಡಿದೆವು. ನನ್ನ ಸಿಟ್ಟು ಬೇರೆ. ನಿಲ್ಲಿಸಿದ್ದು ಸರಿ, ಇಷ್ಟು ತಡ ಯಾಕೆ? 2005ರಿಂದ 2010ರವರೆಗಿನ ಲೆಕ್ಕ ಹಿಡಿದು ಮಾಡಿದ ಅಧ್ಯಯನ 2013ರಲ್ಲೇ ಪ್ರಕಟವಾಗಿತ್ತು. ಎರಡು ಡೋಸ್ ತಗೊಂಡರೆ ಸುಮಾರು ನೂರಕ್ಕೆ 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ 83. ಒಂದೇ ಡೋಸ್‌ಗೆ ಹೆಚ್ಚುಕಡಿಮೆ ಏನೂ ಇಲ್ಲ. ಅದಾದ ಮೇಲೂ ಒಂಬತ್ತು ವರ್ಷ ಜನ ಕೈ ಬಾತಿಸಿಕೊಂಡರು. ಒಂದು ಚುಚ್ಚಿಸಿಕೊಂಡವರು ‘ಆಯ್ತಲ್ಲ’ ಅಂತ ದರಕು, ಅಂದರೆ ತರಗೆಲೆ, ಗುಡಿಸಲು ಕಾಡಿಗೆ ಹೋದರು. ನಿಯಂತ್ರಣ, ಲೈಸೆನ್ಸ್, ಲಸಿಕೆಯ ಶಕ್ತಿ ಅಳೆಯುವ ಪೊಟೆನ್ಸಿ ಟೆಸ್ಟ್ ಅಂದರೆ ನಮಗೆ ಬೋರು, ಅದು ಒಳಪುಟಕ್ಕೂ ಹೋಗುವುದಿಲ್ಲ. ಲಸಿಕೆ ಬಾಟಲಿಯ ಫೋಟೊ ಮಾತ್ರ ವರ್ಷಾ ವರ್ಷಾ ತೆಗೆದೆವು. ನಾನೇ ತೆಗೆದಿದ್ದೇನೆ.

ಆ ರಾತ್ರಿಗೆ ವಾಪಸ್ ಬರುತ್ತೇನೆ. ಲ್ಯಾಪ್‌ಟಾಪ್ ತೆಗೆದು ಏಳೂ ರಾ ಫೈಲ್, ಅಂದರೆ ತಿದ್ದದ ಮೂಲ ಚಿತ್ರ, ಹಾಕಿಕೊಂಡು ಕೂತೆ. ಏನು ಹುಡುಕುತ್ತಿದ್ದೇನೆ ಅಂತ ನನಗೇ ನಾಚಿಕೆಯಾಗುತ್ತಿತ್ತು. ಕೈ ಹಿಗ್ಗಿಸಿದೆ. ನೂರು ಪರ್ಸೆಂಟ್, ಇನ್ನೂರು. ಕಡಿಮೆ ಬೆಳಕಿಗೆ ಐಎಸ್‌ಒ 3200ಕ್ಕೆ ಏರಿಸಿ ಹೊಡೆದದ್ದು, ಮರಳು ಚೆಲ್ಲಿದ ಹಾಗೆ ನಾಯ್ಸ್. ಎರಡನೇ ಫ್ರೇಮಿನಲ್ಲಿ ಮಣಿಕಟ್ಟಿನ ಮೇಲೆ ಒಂದು ಕಪ್ಪು ಚುಕ್ಕೆ. ಮೂರರಲ್ಲಿ ಇದೆ. ನಾಲ್ಕರಲ್ಲಿ ಇದೆ. ಐದರಲ್ಲಿ ಇಲ್ಲ.

ಚುಕ್ಕೆ ಎಲ್ಲಿಗೆ ಹೋಯಿತು?

ಮಚ್ಚೆಯಾದರೆ ಎಲ್ಲ ಫ್ರೇಮಿನಲ್ಲೂ ಇರಬೇಕು. ಇಲ್ಲ ಅಂದರೆ ನಡೆದು ಹೋಗಿದೆ. ನಡೆದು ಹೋಗುವ ಚುಕ್ಕೆ ಅಂದರೆ ಇನ್ನೇನು? ರಾತ್ರಿ ಎರಡೂವರೆವರೆಗೆ ಅದೇ ನಾಲ್ಕು ಫ್ರೇಮ್ ಹಿಂದೆ ಮುಂದೆ ಮಾಡಿದೆ. ಮುಖಪುಟಕ್ಕೆ ಹೋದದ್ದು ನಾಲ್ಕನೆಯದು. ಲಕ್ಷಾಂತರ ಪ್ರತಿ ಅಚ್ಚಾಗಿದೆ, ಎಲ್ಲದರಲ್ಲೂ ಆ ಚುಕ್ಕೆ ಇದೆ ಅಂತ ಯೋಚನೆ ಬಂದು ಹೊಟ್ಟೆ ತೊಳೆಸಿತು. ಎದ್ದು ಹೋಗಿ ನೀರು ಕುಡಿದು ಮತ್ತೆ ಬಂದು ಕೂತೆ.

ರಿಪೋರ್ಟ್ ಬರಲು ಎರಡು ದಿನ. ಆ ಎರಡು ದಿನದಲ್ಲಿ ಒಂದು ಹಳೇ ವಿಷಯ ನೆನಪಾಗಿ ಕಾಡಿತು. 2018ರ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯ ಒಂದು ಬಹುಮಾನ ವಾಪಸ್ ಪಡೆದಿದ್ದರು. ಬ್ರೆಜಿಲ್‌ನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ರಾತ್ರಿ ಹೊಳೆಯುವ ಗೆದ್ದಲು ಹುತ್ತಕ್ಕೆ ಬಂದ ಇರುವೆಬಾಕದ ಚಿತ್ರ ಅದು. ತಜ್ಞರು ಪಾರ್ಕಿನ ಗೇಟಿನಲ್ಲಿ ಪ್ರದರ್ಶನಕ್ಕೆ ಇಟ್ಟ ಸ್ಟಫ್ ಮಾಡಿದ ಪ್ರಾಣಿಯ ಜತೆ ಹೋಲಿಸಿ, ಎರಡೂ ಒಂದೇ ಅಂದರು. ಫೋಟೊಗ್ರಾಫರ್ ಒಪ್ಪಲಿಲ್ಲ. ನಾವು ಆಫೀಸಿನಲ್ಲಿ ಬಿದ್ದು ಬಿದ್ದು ನಕ್ಕಿದ್ದೆವು. “ಸತ್ತ ಪ್ರಾಣಿಗೆ ಪೋಸ್ ಕೊಡಿಸಿದಾನಲ್ಲ ಪುಣ್ಯಾತ್ಮ” ಅಂತ ಅಂದವನು ನಾನೇ. ಒಂಬತ್ತು ತಿಂಗಳಾಗಿತ್ತು ಅಷ್ಟೇ. ನಾನು ಪೋಸ್ ಕೊಡಿಸಿದ ಮಂಗಕ್ಕೆ ಬಹುಮಾನ ಬರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ನಮ್ಮ ವೃತ್ತಿಯಲ್ಲಿ ಶಿಕ್ಷೆ ಎಲ್ಲ ಪಿಕ್ಸೆಲ್‌ಗೆ. ಸಿರಿಯಾ ಯುದ್ಧದ ಒಂದು ಚಿತ್ರದ ಮೂಲೆಯಲ್ಲಿದ್ದ ವಿಡಿಯೋ ಕ್ಯಾಮೆರಾ ಅಳಿಸಿದ್ದಕ್ಕೆ 2014ರಲ್ಲಿ ಎಪಿ ಸುದ್ದಿಸಂಸ್ಥೆ ಫೋಟೊಗ್ರಾಫರ್ ನಾರ್ಸಿಸೊ ಕಾಂಟ್ರೆರಾಸ್ ಜತೆ ಸಂಬಂಧವನ್ನೇ ಕಡಿದುಕೊಂಡಿತು. ಪುಲಿಟ್ಜರ್ ಗೆದ್ದ ತಂಡದಲ್ಲಿದ್ದ ಮನುಷ್ಯ. ಅದು ತಪ್ಪು, ಶಿಕ್ಷೆ ಆಗಲಿ. ಆದರೆ ಅಳಿಸಿದ್ದಕ್ಕೆ ಗುರುತು ಉಳಿಯುತ್ತದೆ, ರಾ ಫೈಲ್ ಕೇಳಿದರೆ ಸಿಕ್ಕಿಬೀಳುತ್ತಾರೆ. ‘ಸ್ವಲ್ಪ ಈ ಕಡೆ ತಿರುಗಿಸಿ’ ಅಂದದ್ದು ಫೈಲಿನ ಜತೆ ದಾಖಲಾಗುವ ಯಾವ ಮೆಟಾಡೇಟಾದಲ್ಲೂ ಇರುವುದಿಲ್ಲ. ನನ್ನ ಏಳೂ ಫೈಲ್ ಯಾರು ಬೇಕಾದರೂ ಪರೀಕ್ಷೆ ಮಾಡಲಿ, ಶುದ್ಧ ಅಂತ ಸರ್ಟಿಫಿಕೇಟ್ ಕೊಡುತ್ತಾರೆ.

ಆಫೀಸಿನಲ್ಲಿ ರೂಲ್ ಇದೆಯಾ ಅಂತ ಕೇಳಿದರೆ, ಇದೆ. ಮಕ್ಕಳ ಮೇಲಿನ ದೌರ್ಜನ್ಯದ ಕೇಸಿನಲ್ಲಿ ಗುರುತು ತೋರಿಸಬಾರದು. ಅದು ಪೋಕ್ಸೊ, ಜೈಲಿಗೆ ಹೋಗಬೇಕಾಗುತ್ತದೆ, ಹಾಗಾಗಿ ಎಲ್ಲರಿಗೂ ನೆನಪಿರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಚಿಕಿತ್ಸೆಯಲ್ಲಿರುವವರ ಫೋಟೊ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಇದು ಅರ್ಧ ಜನಕ್ಕೆ ಗೊತ್ತಿಲ್ಲ. ಇನ್ನು ಜ್ವರದ ವಾರ್ಡು, ಕಾಡು, ಸ್ಯಾಂಪಲ್ ತೆಗೆಯುವ ಜಾಗ, ಅಲ್ಲಿ ಎಷ್ಟು ಹತ್ತಿರ ಹೋಗಬೇಕು, ಯಾರಿಗೆ ಏನು ಹೇಳಬಾರದು ಅನ್ನುವುದಕ್ಕೆ ನಮ್ಮಲ್ಲಿ ಒಂದು ಸಾಲಿನ ಕಾಗದವೂ ಇರಲಿಲ್ಲ. ಫೋಟೊದ ಅಳತೆ ಎಷ್ಟು ಪಿಕ್ಸೆಲ್ ಇರಬೇಕು, ಫೈಲಿನ ಹೆಸರಲ್ಲಿ ಸ್ಪೇಸ್ ಬಿಡಬಾರದು ಅಂತ ಮಾತ್ರ ನಾಲ್ಕು ಪುಟದ ಮೇಲ್ ಬಂದಿತ್ತು.

ಎರಡನೇ ದಿನ ಸಂಜೆ ರಿಪೋರ್ಟ್ ಬಂತು. ನೆಗೆಟಿವ್. ಮಾಮೂಲಿ ಜ್ವರ ಇರಬೇಕು ಅಂದರಂತೆ. ಆಶಾ ಅಕ್ಕ ಹೇಳಿದಾಗ ನಾನು ಪೆಟ್ರೋಲ್ ಬಂಕ್‌ನಲ್ಲಿ ಕ್ಯೂನಲ್ಲಿದ್ದೆ. ಬೈಕ್ ಪಕ್ಕಕ್ಕೆ ತಳ್ಳಿ ಕಾಂಪೌಂಡ್ ಮೇಲೆ ಕೂತುಬಿಟ್ಟೆ.

ಭಾನುವಾರ ಹಣ್ಣು, ಬ್ರೆಡ್ಡು ಹಿಡಿದು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಾನು ಮೊದಲು ನೋಡಿದ್ದು ಮುಖವಲ್ಲ, ಮಣಿಕಟ್ಟು. ಒಳಬದಿಗೆ ಒಂದು ಕಪ್ಪು ಕಲೆ, ಆಗಲೇ ಮಾಸುತ್ತಾ ಬಂದಿತ್ತು.

“ಇದೇನಣ್ಣ?”

“ಅಡಿಕೆ ಬೇಯಿಸಿದ ಚೊಗರು ಸಾರ್. ಕೊಯ್ಲು ಅಲ್ವಾ, ರಾತ್ರಿ ಚೊಗರಿಗೆ ಕೈ ಹಾಕಿದ್ರೆ ವಾರ ಹೋಗಲ್ಲ.”

ಐದನೇ ಫ್ರೇಮಿನಲ್ಲಿ ಅವರು ಕೈ ಹೊರಳಿಸಿದ್ದರು, ಅಷ್ಟೇ. ಇಪ್ಪತ್ತು ವರ್ಷ ಫೋಟೊ ನೋಡಿ ಅನ್ನ ತಿಂದವನಿಗೆ ಅದು ಹೊಳೆಯಲಿಲ್ಲ.

ಕ್ಷಮೆ ಕೇಳಬೇಕು ಅಂತಲೇ ಹೋಗಿದ್ದೆ. ಡಾಕ್ಟರ ಎದುರು ನೀವ್ಯಾಕೆ ಹಾಗೆ ಹೇಳಿದ್ರಿ, ನಾನು ಹೇಳಿದ್ದಕ್ಕೆ ತಾನೇ ಮುಟ್ಟಿದ್ದು ಅಂದೆ. “ನಿಮಗೆ ಬೈದ್ರೆ ನಿಮ್ಮ ಕೆಲಸಕ್ಕೆ ತೊಂದ್ರೆ ಆಗ್ತಿತ್ತೇನೋ. ನಮಗೆ ದಿನಾ ಬೈತಾರೆ ಬಿಡಿ” ಅಂದರು. ಅವರ ಹೆಂಡತಿ ಕಷಾಯ ತಂದಿಟ್ಟರು. ಅವರಿಗೆ ವಿಷಯ ಗೊತ್ತಿತ್ತು ಅಂತ ಲೋಟ ಇಟ್ಟ ಸದ್ದಿನಲ್ಲೇ ಗೊತ್ತಾಯಿತು. ಗೋಡೆಯ ಮೇಲೆ, ದೇವರ ಫೋಟೊ ಪಕ್ಕದಲ್ಲಿ, ನಮ್ಮ ಪೇಪರಿನ ಮುಖಪುಟ ಕತ್ತರಿಸಿ ಅಂಟಿಸಿದ್ದರು.

ಬ್ಯೂರೋ ಚೀಫ್‌ಗೆ ಆಮೇಲೆ ಎಲ್ಲ ಹೇಳಿದೆ. “ಆಯ್ತಲ್ಲ, ಏನೂ ಆಗಲಿಲ್ಲವಲ್ಲ” ಅಂದರು. ಆ ಫೋಟೊ ಆರ್ಕೈವ್‌ನಿಂದ ತೆಗೀರಿ ಅಂತ ಮೂರು ಸಲ ಮೇಲ್ ಹಾಕಿದ್ದೇನೆ. ಸಿಸ್ಟಂನಲ್ಲಿ ಡಿಲೀಟ್ ಆಪ್ಷನ್ ಬೆಂಗಳೂರಿನ ಅಡ್ಮಿನ್‌ಗೆ ಮಾತ್ರ ಇದೆಯಂತೆ. ಅಡ್ಮಿನ್ ಯಾರು ಅಂತ ಯಾರಿಗೂ ಗೊತ್ತಿಲ್ಲ. ಈಗ ಹೊಸ ಹುಡುಗರು ಫೀಲ್ಡಿಗೆ ಹೊರಟಾಗ ನಾನು ಒಂದೇ ಹೇಳುವುದು: ಬೆನ್ನು ಕಂಡರೆ ಬೆನ್ನೇ ಕಳಿಸಿ, ಗೋಣಿಚೀಲದ ಹಾಗೆ ಕಂಡರೂ ಅದನ್ನೇ ಕಳಿಸಿ. ಡೆಸ್ಕ್ ಬೈದರೆ ನನ್ನ ನಂಬರ್ ಕೊಡಿ. ಅವರು ತಲೆ ಆಡಿಸುತ್ತಾರೆ. ಆಮೇಲೆ ಒಬ್ಬ ಕೇಳುತ್ತಾನೆ, “ಆದ್ರೆ ಸಾರ್, ನಿಮ್ಮ ಆ ಮಂಗದ ಫೋಟೊ ಇದೆಯಲ್ಲ, ಅದನ್ನ ಹೇಗೆ ತೆಗೆದ್ರಿ?”

2024ರ ಜನವರಿಯಲ್ಲಿ ಮತ್ತೆ ಕಾಯಿಲೆ ಕಾಣಿಸಿಕೊಂಡಾಗ ಫೋಟೊ ಮತ್ತೆ ಬಂತು. ಬೆಳಿಗ್ಗೆ ಏಳಕ್ಕೆ ವಾಟ್ಸ್ಆ್ಯಪ್‌ನಲ್ಲಿ ಅದರ ಸ್ಕ್ರೀನ್‌ಶಾಟ್. ಕಳಿಸಿದವರು ಆ ವಾಚರ್ ಅಣ್ಣನೇ, ರಿಟೈರ್ ಆಗಿ ಎರಡು ವರ್ಷವಾಗಿತ್ತು.

“ಸಾರ್, ನಾನು ಇನ್ನೂ ಡ್ಯೂಟಿ ಮೇಲೇ ಇದೀನಿ ನೋಡಿ.”