ಪೂರ್ವಾಶ್ರಮದ ಕಳ್ಳ

ನಿದ್ದೆ ಹತ್ತದ ರಾತ್ರಿಗಳಲ್ಲಿ ನಾನು ಹಳೆಯ ಕಪ್ಪು ಬಿಳುಪಿನ ಪತ್ತೇದಾರಿ ಚಿತ್ರಗಳ ಮೊರೆ ಹೋಗುತ್ತೇನೆ. ಮೊನ್ನೆ ಹಾಗೆ ಮೂರನೆಯ ಬಾರಿಗೆ ನೋಡಿದ್ದು 1941ರ ‘ಮೀಟ್ ಬಾಸ್ಟನ್ ಬ್ಲ್ಯಾಕಿ’. ಕೊಲಂಬಿಯಾ ಸಂಸ್ಥೆಯ ಈ ಚಿತ್ರದ ಅವಧಿ ಹೆಚ್ಚೂಕಡಿಮೆ ಒಂದು ಗಂಟೆ ಮಾತ್ರ. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುತ್ತಿದ್ದ ಅಂದಿನ ಅಮೆರಿಕದ ಚಿತ್ರಮಂದಿರಗಳಲ್ಲಿ ದೊಡ್ಡ ತಾರೆಯರ ಚಿತ್ರಕ್ಕೆ ಜೊತೆಯಾಗಿ ಇಂಥ ‘ಬಿ’ ದರ್ಜೆಯ ಚಿತ್ರಗಳು ಬರುತ್ತಿದ್ದವು. ಅವುಗಳಿಗೆ ಸಾಮಾನ್ಯವಾಗಿ ಗಳಿಕೆಯಲ್ಲಿ ಪಾಲಿರಲಿಲ್ಲ, ನಿಗದಿತ ಬಾಡಿಗೆಯಷ್ಟೇ. ಚಿತ್ರ ಎಷ್ಟೇ ಓಡಿದರೂ ಬರುವ ಹಣ ಹೆಚ್ಚದು ಎಂದ ಮೇಲೆ ಖರ್ಚಿನಲ್ಲಿ ಬಿಗಿ ಹಿಡಿಯುವುದೊಂದೇ ನಿರ್ಮಾಪಕರಿಗೆ ಉಳಿದ ದಾರಿಯಾಗಿತ್ತು.

ಬ್ಲ್ಯಾಕಿ ಒಂದು ಕಾಲದಲ್ಲಿ ಹೆಸರಾಂತ ಆಭರಣಗಳ್ಳನಾಗಿದ್ದು, ಈಗ ಕಸುಬು ಬಿಟ್ಟವನು. ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಫ್ಯಾರಡೆ ಎದುರಾಗುತ್ತಾನೆ. ಎಲ್ಲೋ ಮುತ್ತುಗಳು ಕಳುವಾಗಿವೆ, ಹಾಗಾಗಿ ಇವನನ್ನು ವಿಚಾರಿಸಬೇಕು. ಈ ದೃಶ್ಯದಲ್ಲಿ ನನಗೆ ಬಹಳ ಇಷ್ಟವಾಗುವುದು, ಕಳ್ಳತನದ ಅನುಮಾನವಿರುವವನನ್ನೇ ಫ್ಯಾರಡೆ ‘ಹಡಗು ಬಿಟ್ಟು ಹೋಗುವುದಿಲ್ಲವೆಂದು ಮಾತು ಕೊಡು’ ಎಂದು ಕೇಳುವುದು ಮತ್ತು ಕೊಟ್ಟ ಮಾತನ್ನು ನಂಬುವುದು. ಕೈ ನಂಬಿಕೆಗೆ ಅರ್ಹವಲ್ಲ, ನಾಲಿಗೆ ಮಾತ್ರ ಅರ್ಹ ಎಂಬ ಈ ವಿಚಿತ್ರ ಲೆಕ್ಕಾಚಾರದ ಮೇಲೆ, ಈ ಚಿತ್ರದಿಂದ ಶುರುವಾದ ಬ್ಲ್ಯಾಕಿ ಚಿತ್ರಗಳ ಇಡೀ ಸರಣಿ ನಿಂತಿದೆ. ಆದರೆ ಬ್ಲ್ಯಾಕಿಯ ಕೋಣೆಯಲ್ಲೇ ಒಂದು ಹೆಣ ಸಿಗುತ್ತದೆ. ನಿರಪರಾಧಿಯೆಂದು ತೋರಿಸಿಕೊಳ್ಳಬೇಕಾದರೆ ಕೊಟ್ಟ ಮಾತನ್ನು ಮುರಿದು ಓಡಲೇಬೇಕು. ಓಡಿದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಅಲ್ಲಿಂದ ಕಥೆ ಕೋನಿ ಐಲೆಂಡಿನ ಜಾತ್ರೆಯಂಥ ಮನರಂಜನಾ ಉದ್ಯಾನಕ್ಕೆ ಹೋಗುತ್ತದೆ. ಹಡಗಿನಲ್ಲಿ ಕಂಡ ಹೆಂಗಸೊಬ್ಬಳು ವಿಷದ ಬಾಣ ತಗುಲಿ ಸಾಯುತ್ತಾಳೆ. ಯಂತ್ರಮಾನವನೆಂದು ಜನರ ಮುಂದೆ ಪ್ರದರ್ಶನ ಕೊಡುವವನು ಬೇರೆಯೇ ವ್ಯವಹಾರದವನಾಗಿರುತ್ತಾನೆ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರದ ದಿನಗಳಲ್ಲಿ ಬಂದ ಚಿತ್ರವಾದರೂ, ನೌಕಾಪಡೆಯ ಬಾಂಬ್ ಗುರಿಸಾಧನದ ರಹಸ್ಯವನ್ನು ಕದಿಯುವ ಗೂಢಚಾರರು ಆಗಲೇ ಬಂದುಬಿಟ್ಟಿದ್ದಾರೆ. ಕಥೆಯ ಈ ಭಾಗ ತೀರಾ ಪೊಳ್ಳು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ನಿರ್ದೇಶಕ ರಾಬರ್ಟ್ ಫ್ಲೋರಿ ಮತ್ತು ಛಾಯಾಗ್ರಾಹಕ ಫ್ರಾನ್ಜ್ ಪ್ಲಾನರ್ ಆ ಉದ್ಯಾನವನ್ನು ಕತ್ತಲೆ ನೆರಳುಗಳಲ್ಲಿ ಎಷ್ಟು ಚೆನ್ನಾಗಿ ಮುಳುಗಿಸಿದ್ದಾರೆಂದರೆ, ಬಡ ಸೆಟ್ಟುಗಳ ಬಡತನ ಕಣ್ಣಿಗೆ ಬೀಳುವುದೇ ಇಲ್ಲ.

ಬ್ಲ್ಯಾಕಿಯಾಗಿ ನಟಿಸಿದ ಚೆಸ್ಟರ್ ಮಾರಿಸ್ 1929ರ ‘ಅಲಿಬೈ’ ಚಿತ್ರಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದಿದ್ದವನು. ಅಂಥವನು ಹನ್ನೆರಡು ವರ್ಷಗಳ ಬಳಿಕ ‘ಬಿ’ ಚಿತ್ರಗಳಿಗೆ ಬಂದಿದ್ದನ್ನು ಇಳಿಜಾರು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ಮಾತನ್ನೂ ತುಸು ಅವಸರದಲ್ಲಿ, ಒಳಗೊಳಗೇ ನಗುತ್ತ ಆಡುವ ಅವನ ಧಾಟಿ ಈ ಅವಸರದ ಚಿತ್ರಗಳಿಗೆ ಹೇಳಿ ಮಾಡಿಸಿದಂತಿದೆ. ಫ್ಯಾರಡೆಯ ಪಾತ್ರದ ರಿಚರ್ಡ್ ಲೇನ್‌ನದು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಸರ್ಕಾರಿ ಆದೇಶವೆಂದು ತಿಳಿದವನ ಮುಖ. 1949ರವರೆಗೆ ಬಂದ ಹದಿನಾಲ್ಕು ಚಿತ್ರಗಳಲ್ಲೂ ಈ ಇಬ್ಬರೇ. ಪ್ರತಿ ಚಿತ್ರದಲ್ಲೂ ನಿರಪರಾಧಿಯೆಂದು ಸಾಬೀತಾದವನು ಮುಂದಿನ ಚಿತ್ರದಲ್ಲಿ ಮತ್ತೆ ಶಂಕಿತನೇ. ಹಿಂದಿನದೇನೂ ಲೆಕ್ಕಕ್ಕೆ ಬರುವುದಿಲ್ಲ. ಹಾಸ್ಯವೆಂದು ಬರೆದ ಈ ಮರೆವಿನಲ್ಲಿ ನನಗೆ ಒಂದಿಷ್ಟು ಕ್ರೌರ್ಯವೂ ಕಾಣುತ್ತದೆ.

ಈ ಪಾತ್ರವನ್ನು ಸೃಷ್ಟಿಸಿದ ಜ್ಯಾಕ್ ಬಾಯ್ಲ್ ಸ್ವತಃ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿದ್ದವನು. 1914ರಲ್ಲಿ ಪತ್ರಿಕೆಯಲ್ಲಿ ಮೊದಲ ಕಥೆಗಳು ಅಚ್ಚಾದಾಗ ಲೇಖಕನ ಹೆಸರಿರಬೇಕಾದ ಜಾಗದಲ್ಲಿ ಇದ್ದದ್ದು 6606 ಎಂಬ ಸಂಖ್ಯೆ. ಆ ಕಥೆಗಳ ಬ್ಲ್ಯಾಕಿ ತಿಜೋರಿ ಒಡೆಯುವವನು, ಹೆಂಡತಿಯುಳ್ಳವನು. ತೆರೆಯ ಮೇಲಿನವನಿಗೆ ಹೆಂಡತಿ ಇಲ್ಲ. ಅಪರಾಧಕ್ಕೆ ಜಯ ಸಿಗುವಂತೆ ತೋರಿಸಬಾರದೆಂಬ ನಿರ್ಮಾಣ ಸಂಹಿತೆ 1934ರಿಂದ ಕಟ್ಟುನಿಟ್ಟಾಗಿದ್ದ ಹಾಲಿವುಡ್ಡಿನಲ್ಲಿ ಕಳ್ಳನನ್ನು ನಾಯಕನಾಗಿಸಲು, ಅವನು ಕಸುಬು ಬಿಟ್ಟಾಗಿದೆ ಎನ್ನುವುದೇ ಸುಲಭದ ಉಪಾಯ.

ಮಾರಿಸ್ ನಿಜಜೀವನದಲ್ಲಿ ಜಾದೂ ಬಲ್ಲವನಾಗಿದ್ದು, ಯುದ್ಧಕಾಲದಲ್ಲಿ ಸೈನಿಕರಿಗೂ ತನ್ನ ಕೈಚಳಕ ತೋರಿಸಿದ್ದ. 1946ರ ‘ಬಾಸ್ಟನ್ ಬ್ಲ್ಯಾಕಿ ಅಂಡ್ ದ ಲಾ’ ಚಿತ್ರದಲ್ಲಿ ಆ ವಿದ್ಯೆ ಕಥೆಯೊಳಗೇ ಬಂದಿದೆ. ಹೆಂಗಸರ ಸೆರೆಮನೆಯಲ್ಲಿ ಕೈದಿಗಳ ಮನರಂಜನೆಗೆಂದು ಬ್ಲ್ಯಾಕಿ ಜಾದೂ ಪ್ರದರ್ಶನ ಕೊಡುತ್ತಾನೆ. ಮನುಷ್ಯರನ್ನು ಮಾಯ ಮಾಡುವ ಪೆಟ್ಟಿಗೆಯೊಳಗೆ ಕೈದಿಯೊಬ್ಬಳನ್ನು ನಿಲ್ಲಿಸಿ ಬಾಗಿಲು ಹಾಕುತ್ತಾನೆ. ಅವಳು ನಿಜವಾಗಿಯೇ ಮಾಯವಾಗುತ್ತಾಳೆ. ಫ್ಯಾರಡೆ ಮೊದಲು ಯಾರನ್ನು ಹಿಡಿಯಲು ಬರುತ್ತಾನೆಂದು ಬೇರೆ ಹೇಳಬೇಕಿಲ್ಲ.