ಸ್ಟೀರಿಯೋ, ಕಪ್ಪು ಟೇಪ್ ಮತ್ತು ವಾರಂಟಿ: ನನ್ನ ಕಾರಿನ ಕೆಲಸ ಎಲ್ಲಿಗೆ ಬಂತು

ಆಂಡ್ರಾಯ್ಡ್ ಸ್ಟೀರಿಯೋ ಕೆಲಸ ಈ ಭಾನುವಾರ ಮುಗಿಯಿತು. ಎರಡನೇ ಸಲ.

ಮೊದಲ ಸಲ ಅಂಗಡಿಯವನು ಕಾರಿನ ಮೂಲ ವೈರ್‌ಗಳನ್ನು ಕತ್ತರಿಸಿ, ತಿರುಚಿ, ಕಪ್ಪು ಟೇಪ್ ಸುತ್ತಿಬಿಟ್ಟಿದ್ದ. ನಾನು ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. ಮೂರು ವಾರದಲ್ಲಿ ಎಡಗಡೆಯ ಪವರ್ ವಿಂಡೋ ನಿಂತುಹೋಯಿತು. ಸರ್ವಿಸ್ ಸೆಂಟರಿನಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿದವರು ಮೊದಲು ಟೇಪಿನ ಫೋಟೋ ತೆಗೆದರು. "ಹೊರಗಡೆ ಕೆಲಸ ಆಗಿದೆ ಸಾರ್, ವಾರಂಟಿ ಬರಲ್ಲ."

ಸ್ಟೀರಿಯೋಗೂ ಕಿಟಕಿ ಮೋಟಾರಿಗೂ ಏನು ಸಂಬಂಧ? ಅದನ್ನೇ ಕೇಳಿದೆ. ಕಾರಣವನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ ಅಂದೆ. ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದರು. ಸುಟ್ಟಿದ್ದು ಬಾಗಿಲಿನ ಸ್ವಿಚ್. ವಾರಂಟಿಯಲ್ಲೇ ಬದಲಾಯಿತು, ಆದರೆ ಒಂಬತ್ತು ದಿನ ಓಡಾಡಿಸಿದರು. ಅಮೆರಿಕದಲ್ಲಿ 1975ರಿಂದ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಅಲ್ಲಿ ವಾರಂಟಿ ತಳ್ಳಿಹಾಕುವಂತಿಲ್ಲ, ಆ ಭಾಗದಿಂದಲೇ ಕೆಟ್ಟಿದೆ ಅಂತ ತೋರಿಸಬೇಕು. ನಮ್ಮಲ್ಲಿ ವಾರಂಟಿ ಪುಸ್ತಕದ ಸಣ್ಣ ಅಕ್ಷರ, ಅದಕ್ಕೂ ಒಪ್ಪದಿದ್ದರೆ ಗ್ರಾಹಕರ ಆಯೋಗ.

ಈ ಸಲ ಕಾರಿಗೆ ಹೊಂದುವ ಕಪ್ಲರ್ ಹಾರ್ನೆಸ್ ತಂದೆ, ಅಂದರೆ ಕಾರಿನ ಮೂಲ ಪ್ಲಗ್ಗಿಗೆ ನೇರ ಸಿಕ್ಕಿಸುವ ವೈರ್ ಕಟ್ಟು. ಕತ್ತರಿಸಿದ ವೈರ್‌ಗಳನ್ನು ಬೆಸುಗೆ ಹಾಕಿ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿದೆ. ಈಗ ಸ್ಟೀರಿಯೋ ಬಿಚ್ಚಿದರೆ ಕಾರಿನ ಜೊತೆ ಬಂದ ಹಳೇ ಸೆಟ್ ಹಾಗೇ ಕೂರುತ್ತದೆ. ಹಳೇ ಸೆಟ್ ಅಟ್ಟದ ಮೇಲಿದೆ. ಮನೆಯವರಿಗೆ ಅದು ಗುಜರಿ, ನನಗೆ ವಾರಂಟಿ.

ಹೆಡ್‌ಲೈಟಿಗೂ ಅದೇ ನಿಯಮ: ಮೂಲ ವೈರ್ ಕತ್ತರಿಸಬಾರದು. ಅಂಗಡಿಯವನು 100/90 ವ್ಯಾಟ್ (ಹೈ ಬೀಮ್ 100, ಲೋ ಬೀಮ್ 90) ಎಚ್4 ಮಾದರಿ ಬಲ್ಬ್ ತೋರಿಸಿದ. ಲೆಕ್ಕ ಹಾಕಿ ನೋಡಿ. ಕಾರಿನ ಮೂಲ 60 ವ್ಯಾಟ್ ಬಲ್ಬ್ 12 ವೋಲ್ಟಿನಲ್ಲಿ 5 ಆಂಪ್ ಎಳೆಯುತ್ತದೆ, 100 ವ್ಯಾಟಿನದು 8ಕ್ಕೂ ಜಾಸ್ತಿ. ಆ ತೆಳ್ಳನೆ ವೈರ್, ಪ್ಲಾಸ್ಟಿಕ್ ಹೋಲ್ಡರ್ ಎಷ್ಟು ದಿನ ತಡೆಯುತ್ತೆ? ಕರಗಿದರೆ ವಾರಂಟಿ ಕೇಳುವ ಹಾಗೂ ಇಲ್ಲ. ಎದುರು ಬರುವವರ ಬೈಗುಳ ಬೇರೆ. ನಾನು 60/55 ಬಲ್ಬನ್ನೇ ಇಟ್ಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಕಿಟ್ ಹಾಕಿದೆ. ಬಲ್ಬಿಗೆ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಬರುತ್ತದೆ. ಕಾರಿನ ಮೂಲ ಪ್ಲಗ್ ರಿಲೇ ಆನ್ ಮಾಡುತ್ತದೆ, ಅಷ್ಟೇ. ಒಂದು ವೈರೂ ಕತ್ತರಿಸಿಲ್ಲ. ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚಾಗಿದೆ.

ಟೈರ್ ವಿಷಯ ಕೈಬಿಟ್ಟೆ. 185/65 ಆರ್15 ಸೈಜಿನ ಟೈರ್ ತೆಗೆದು ಅದಕ್ಕಿಂತ ಅಗಲದ 195/65 ಹಾಕಿದರೆ ಟೈರಿನ ವ್ಯಾಸ 621ರಿಂದ 634 ಮಿಲಿಮೀಟರಿಗೆ ಏರುತ್ತದೆ. ಸ್ಪೀಡೋಮೀಟರ್ ಮೊದಲಿಗಿಂತ ಶೇಕಡಾ 2ರಷ್ಟು ಕಡಿಮೆ ತೋರಿಸುತ್ತದೆ, ಅದು ದೊಡ್ಡ ವಿಷಯ ಅಲ್ಲ. ಆದರೆ ನಾಳೆ ವೀಲ್ ಬೇರಿಂಗ್ ಸದ್ದು ಮಾಡಿದರೆ ಮೊದಲು ಬೆರಳು ತೋರಿಸುವುದು ಟೈರಿನ ಕಡೆಗೇ ಅಲ್ವಾ? ಇಸಿಯು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಅಂತೂ ಸದ್ಯಕ್ಕೆ ಬೇಡವೇ ಬೇಡ.

ಬಾಕಿ ಇರುವುದು ಒಂದೇ. ಕೀ ತೆಗೆದ ಮೇಲೂ ಸ್ಟೀರಿಯೋ 0.2 ಆಂಪ್ ಎಳೆಯುತ್ತಿದೆ. ಹೀಗೇ ಬಿಟ್ಟು ಬ್ಯಾಟರಿ ಕೈಕೊಟ್ಟರೆ, ಅದರ ವಾರಂಟಿ ಕೇಳಲು ನನಗೇ ಮುಖ ಇರುವುದಿಲ್ಲ. ಮುಂದಿನ ಭಾನುವಾರ ಮಲ್ಟಿಮೀಟರ್ ಹಿಡಿದು ಕೂರಬೇಕು.